ಕೊರಳು ನೋಡುವ ಚಟ

ನನಗೊಂದು ಕೆಟ್ಟ ಚಟವಿದೆ. ಎದುರಿಗೆ ಯಾರೇ ಬಂದು ನಿಂತರೂ ನನ್ನ ಕಣ್ಣು ಮೊದಲು ಅವರ ಮುಖಕ್ಕೆ ಹೋಗುವುದಿಲ್ಲ, ಕೊರಳಿಗೆ ಹೋಗುತ್ತದೆ. ಕೊರಳಿನಿಂದ ಮೆಲ್ಲಗೆ ಎದೆಯತ್ತ ಇಳಿದು, ಅಂಗಿಯ ಗುಂಡಿಯ ಹಿಂದೆ, ಸೆರಗಿನ ಕೆಳಗೆ ಏನಾದರೂ ಉಬ್ಬಿದೆಯೇ ಎಂದು ವಿಚಾರಣೆ ನಡೆಸಿ, ಆಮೇಲೆ ಸಾವಕಾಶವಾಗಿ ಮೇಲೇರಿ ಮುಖ ತಲುಪುತ್ತದೆ. ಅಷ್ಟರಲ್ಲಿ ಎದುರಿನವರು ತಮ್ಮ ಬಟ್ಟೆಯ ಮೇಲೆ ಸಾರು ಚೆಲ್ಲಿದೆಯೇನೋ ಎಂದು ತಾವೂ ಕೆಳಗೆ ನೋಡಿಕೊಳ್ಳತೊಡಗಿರುತ್ತಾರೆ. ಮೊನ್ನೆ ಹಲ್ಲಿನ ಡಾಕ್ಟರರೊಬ್ಬರು ನನ್ನ ಬಾಯೊಳಗೆ ದೀಪ ಬಿಟ್ಟು ನೋಡುತ್ತಿದ್ದಾಗ ನಾನು ಅವರ ಕೊರಳನ್ನೇ ನೋಡುತ್ತಿದ್ದೆ. ಪಾಪ, ಅವರು ಎರಡೆರಡು ಸಲ ಕಾಲರ್ ಸರಿಮಾಡಿಕೊಂಡರು. ಹೊರಗೆ ಬಂದ ಮೇಲೆ ಸೊಸೆ, "ಅತ್ತಿ, ಹಂಗ ನೋಡಬ್ಯಾಡ್ರಿ, ಮಂದಿ ತಪ್ಪು ತಿಳಕೊಂತಾರ" ಎಂದಳು. ಏನಂತ ತಿಳಿದುಕೊಳ್ಳುತ್ತಾರೆ ಎಂದು ಕೇಳಿದೆ. "ಬಂಗಾರದ ಚೈನು ಹರಕೊಂಡು ಓಡಾಕ ಬಂದಾರಂತ" ಎಂದಳು. ಈ ಮೊಣಕಾಲಿನ ಮೇಲೆ ಅಷ್ಟು ಭರವಸೆ ಇಟ್ಟವಳು ಅವಳೊಬ್ಬಳೇ.

ಈ ಚಟ ನನ್ನ ಸ್ವಂತದ್ದಲ್ಲ, ಆಯಿಯಿಂದ ಬಂದದ್ದು. ಆಯಿ ಎಂದರೆ ನನ್ನ ಅಪ್ಪನ ತಾಯಿ, ಗೌರವ್ವ. ಕೆಲವರಿಗೆ ಅಜ್ಜಿಯಿಂದ ಬೋರಮಾಳ ಸರ ಬರುತ್ತದೆ, ಕೆಲವರಿಗೆ ಹೊಲ ಬರುತ್ತದೆ. ನನಗೆ ಬಂದದ್ದು ಇದು.

ನಮ್ಮದು ಮುಂಡಗೋಡ ತಾಲೂಕಿನ ಚಿಗಳ್ಳಿ. ಲಿಂಗ ಕಟ್ಟಿಕೊಂಡವರ ಮನೆ. ಅಂದರೆ, ಲಿಂಗವನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ದಾರದಲ್ಲಿ ಕೊರಳಿಗೆ ಹಾಕಿಕೊಳ್ಳುವುದು, ದಿನಾ ಸ್ನಾನ ಮಾಡಿ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವುದು, ಆಮೇಲೆಯೇ ಬಾಯಿಗೆ ಒಂದು ಗುಟುಕು ನೀರು. ಇದು ನಮ್ಮ ಓಣಿಯ ಎಲ್ಲ ಮನೆಗಳ ಪದ್ಧತಿ. ಆಯಿ ಅದಕ್ಕೆ ತನ್ನದೊಂದು ಬಾಲ ಸೇರಿಸಿದ್ದಳು. ನೀರು ಕುಡಿಯುವವರ ಕೊರಳಲ್ಲಿ ಕರಡಿಗೆ ಇದ್ದರೆ ಸಾಲದು, ನೀರು ಕೊಡುವವರ ಕೊರಳಲ್ಲೂ ಇರಬೇಕು. ಹೊಸಬರು ಯಾರೇ ಅಂಗಳಕ್ಕೆ ಬಂದರೂ ಅವರ ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲೆ. ಆಯಿಯ ಕಣ್ಣು ಮಂಜಾಗಿದ್ದರಿಂದ ನಾನೇ ಅವಳ ಕನ್ನಡಕ. ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದು, "ನೀಲಾ, ಕಟ್ಟಿಕೊಂಡಾರೇನ, ನೋಡು" ಎನ್ನುತ್ತಿದ್ದಳು. ನಾನು ಬಂದವರ ಹತ್ತಿರ ಹೋಗಿ, ಕಾಲಿನ ಹೆಬ್ಬೆರಳ ಮೇಲೆ ನಿಂತು, ಅವರ ಅಂಗಿಯೊಳಗೆ ಇಣುಕಿ ವರದಿ ಒಪ್ಪಿಸುತ್ತಿದ್ದೆ. ಜಮೀನು ಅಳೆಯಲು ಬಂದ ಸರಕಾರಿ ಮನುಷ್ಯರೊಬ್ಬರು ನನ್ನ ಈ ತಪಾಸಣೆಗೆ ಹೆದರಿ, ಊರಿನಲ್ಲಿ ಏನೋ ಅಂಟುರೋಗ ಇದೆಯೆಂದು ತಿಳಿದು, ಸರಪಳಿ ಸುತ್ತಿಕೊಂಡು ಮರಳಿ ಹೋಗಿದ್ದರು.

ಆಯಿಯ ಭೂಗೋಳ ಶಾಸ್ತ್ರ ಬಹಳ ಸರಳವಾಗಿತ್ತು. ಜಗತ್ತಿನಲ್ಲಿ ನೀರು ಕುಡಿಯುವ ಊರು, ನೀರು ಕುಡಿಯದ ಊರು ಎಂದು ಎರಡೇ ಬಗೆ. ಮಳಗಿ ಕುಡಿಯುವ ಊರು, ಯಾಕೆಂದರೆ ಅವಳ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದರು. ಹಳಿಯಾಳದಲ್ಲಿ ಒಬ್ಬ ಅರಿವೆ ಅಂಗಡಿಯವರ ಮನೆಯಲ್ಲಿ ಮಾತ್ರ ಕುಡಿಯಬಹುದು, ಅದೂ ಅವರ ಹಿತ್ತಲ ಬಾವಿಯದು. ಮುಂಡಗೋಡಿನ ಸಂತೆಗೆ ಹೋದರೆ ಮನೆಯ ನೀರನ್ನೇ ತಾಮ್ರದ ತಂಬಿಗೆಯಲ್ಲಿ ಒಯ್ಯಬೇಕು. ಇನ್ನು ಜೋಯಿಡಾ ಕಾಡಿನ ಆಚೆಗೆ ಇತ್ತು. ಅಲ್ಲಿ ಮನುಷ್ಯರು ಇದ್ದಾರೋ ಇಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ, ನೀರಿನ ಮಾತು ದೂರ. ಶಾಲೆಯಲ್ಲಿ ಮಾಸ್ತರರು ಸಮುದ್ರದ ಬಗ್ಗೆ ಹೇಳಿದ ದಿನ ನಾನು ಓಡಿಬಂದು ಆಯಿಗೆ ಭೂಮಿಯ ಮೇಲೆ ಮಣ್ಣಿಗಿಂತ ನೀರೇ ಹೆಚ್ಚು ಎಂದು ಸಾರಿದೆ. ಆಯಿ ಬೆಣ್ಣೆ ಕಡೆಯುವುದನ್ನು ನಿಲ್ಲಿಸಿ, "ಅಷ್ಟು ನೀರು ಯಾರು ಸೇದಿಟ್ಟಾರ?" ಎಂದು ಕೇಳಿದಳು. ಮಾಸ್ತರರನ್ನು ಕೇಳಿ ಬಾ ಎಂದಳು. ಕೇಳಿದ್ದಕ್ಕೆ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದರು.

ಇದನ್ನೆಲ್ಲ ಓದಿ ನೀವು ಆಯಿಯನ್ನು ನೋಡಿ ನಗುತ್ತಿದ್ದರೆ ಸ್ವಲ್ಪ ತಡೆಯಿರಿ. ನನಗೂ ಒಂದಿಷ್ಟು ಉಳಿಸಿ. ಬೇರೆ ಊರಿನ ನೀರು ನೀರಲ್ಲ ಎಂದು ನಾನೂ ಪೂರ್ತಿ ನಂಬಿದ್ದೆ. ಅದು ನೋಡಲು ಹಾಗೆ ಕಾಣುತ್ತದೆ, ಕುಡಿದರೆ ಒಳಗೆ ಹೋಗಿ ಏನೋ ಮಾಡುತ್ತದೆ ಎಂಬ ಭಯ. ಏನು ಮಾಡುತ್ತದೆ ಎಂದು ಆಯಿ ಹೇಳಿರಲಿಲ್ಲ. ಹೇಳದೆ ಬಿಟ್ಟಿದ್ದರಿಂದಲೇ ಭಯ ಜಾಸ್ತಿ.

ಹೀಗಿರುವಾಗ ನನ್ನ ಕಾಕಾನಿಗೆ, ಎಂದರೆ ಅಪ್ಪನ ತಮ್ಮನಿಗೆ, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಇರಲು ಕ್ವಾರ್ಟರ್ಸ್ ಕೊಟ್ಟರು. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಅಪ್ಪ ನನ್ನನ್ನು ಕರೆದುಕೊಂಡು ಹೊರಟ. ಆಯಿ ಬರಲಿಲ್ಲ. ಬದಲಾಗಿ ನನ್ನ ಕೈಗೆ ಒಂದು ದೊಡ್ಡ ತಂಬಿಗೆ ನೀರು ಕೊಟ್ಟು, ಬಾಯಿಗೆ ಅರಿವೆ ಬಿಗಿದು, "ಇದು ಮುಗಿಯೂದರಾಗ ಬಂದ ಬಿಡ್ರಿ" ಎಂದಳು. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಕೋಳಿ ಬುಟ್ಟಿಯಿಂದ ಜಿಗಿಯಿತು, ನಾನೂ ಜಿಗಿದೆ, ತಂಬಿಗೆ ಉರುಳಿತು. ಚಿಗಳ್ಳಿಯ ನೀರೆಲ್ಲ ಹಳಿಯಾಳದ ಮಣ್ಣು ಕುಡಿಯಿತು. ನಾನು ಅಳುತ್ತ ಕುಳಿತೆ. ಬಾಯಾರಿಕೆಯಿಂದ ಸಾಯುತ್ತೇನೆ ಎಂಬುದರಲ್ಲಿ ಸಂಶಯವಿರಲಿಲ್ಲ. ದಾಂಡೇಲಿ ತಲುಪಿದ ಮೇಲೆ ಅಪ್ಪ ತಂಬಿಗೆ ತೆಗೆದುಕೊಂಡು ಹೊರಗೆ ಹೋಗಿ, ತುಂಬಿಸಿಕೊಂಡು ಬಂದು, "ತಗೊ, ತಳದಾಗ ನಮ್ಮೂರ ನೀರು ಉಳದಿತ್ತು" ಎಂದ. ನಾನು ಗಟಗಟ ಕುಡಿದು, "ನಮ್ಮೂರ ನೀರು ಎಷ್ಟು ತಣ್ಣಗದಾವ ನೋಡಪ್ಪ" ಎಂದೆ. ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ಓಣಿಗೆಲ್ಲ ಒಂದೇ ನಲ್ಲಿ. ಧಾರವಾಡ ಕಡೆಯವರು, ಬೆಳಗಾವಿ ಕಡೆಯವರು, ಮರಾಠಿ ಮಾತಾಡುವವರು ಎಲ್ಲರ ಕೊಡವೂ ಅದರ ಕೆಳಗೇ. ಇದರ ಬಗ್ಗೆ ನಾನು ಮರುದಿನ ವಿಚಾರಣೆ ಶುರುಮಾಡಿದಾಗ ಕಾಕಿ, "ನಲ್ಲಿಗೆ ಕೊರಳು ಎಲ್ಲೈತಿ ನೋಡಿ ಬಾ ಹೋಗು" ಎಂದು ಕಳಿಸಿದಳು. ನಾನು ನಿಜವಾಗಿ ಹೋಗಿ ನೋಡಿದೆ.

ಅದೇ ನಲ್ಲಿಯ ಹತ್ತಿರ ನನಗೆ ಜೋಯಿಡಾ ಕಡೆಯ ಹುಡುಗಿಯೊಬ್ಬಳು ಸಿಕ್ಕಳು. ಅಲ್ಲಿ ಮನುಷ್ಯರು ಇದ್ದಾರೆ ಎಂಬುದು ಹೀಗೆ ಖಾತ್ರಿಯಾಯಿತು. ಅವಳು ಮಾತಾಡುತ್ತಿದ್ದುದು ಕೊಂಕಣಿ. ಬೇರೆ ಭಾಷೆ ಎಂಬುದೊಂದು ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ, ಇಷ್ಟು ದೊಡ್ಡವಳಾದರೂ ಇವಳಿಗೆ ಇನ್ನೂ ಮಾತು ಬಂದಿಲ್ಲ ಎಂದು ಮರುಕಪಟ್ಟು ಕಲಿಸಲು ಕೂತೆ. ಬೆಕ್ಕು ತೋರಿಸಿ, "ಬೆಕ್ಕು, ಬೆಕ್ಕು ಅನ್ನು" ಎಂದೆ. ಅವಳು ನನ್ನ ಗದ್ದ ಹಿಡಿದು, ನನಗಿಂತ ಹೆಚ್ಚು ಮರುಕದಿಂದ, "ಮಾಜರ, ಮಾಜರ" ಎಂದಳು. ಸಂಜೆಯವರೆಗೆ ಒಬ್ಬರಿಗೊಬ್ಬರು ಮಾತು ಕಲಿಸಿ ದಣಿದೆವು. ಬೆಕ್ಕು ನಮ್ಮಿಬ್ಬರ ಮೇಲೂ ಬೇಸರಗೊಂಡು ಹೊರಟುಹೋಯಿತು.

ಆಮೇಲೆ ಕೆಲವು ವರ್ಷ ದಾಂಡೇಲಿಯ ಮಾತು ಬರಲಿಲ್ಲ. ಬಂದದ್ದು ನಾನು ಮುಲ್ಕಿ ಪರೀಕ್ಷೆ ಪಾಸಾದಾಗ. ಏಳನೆಯ ಇಯತ್ತೆಯ ಆ ಪರೀಕ್ಷೆ ಮುಗಿದರೆ ನಮ್ಮೂರ ಶಾಲೆ ಮುಗಿಯಿತು. ಮುಂದೆ ಓದಬೇಕೆಂದರೆ ಹೈಸ್ಕೂಲು ಇದ್ದ ಊರಿಗೆ ಹೋಗಬೇಕು. ದಿನಾ ಸಾಗವಾನಿ ಕಾಡಿನ ದಾರಿಯಲ್ಲಿ ಹುಡುಗಿಯೊಬ್ಬಳನ್ನೇ ಯಾರು ಕಳಿಸುತ್ತಾರೆ? ಕಾಕಾ ಸುದ್ದಿ ಕಳಿಸಿದ: ನೀಲಾ ನಮ್ಮ ಮನೆಯಲ್ಲಿದ್ದು ಇಲ್ಲಿಯ ಹೈಸ್ಕೂಲಿಗೆ ಹೋಗಲಿ. ನನಗೆ ನೆಲ ಕಾಲಿಗೆ ಹತ್ತಲಿಲ್ಲ. ಓದುವ ಆಸೆ ಎಷ್ಟಿತ್ತೋ, ಆ ನಲ್ಲಿ, ಆ ಬೆಕ್ಕು, ನನಗೆ ಗೊತ್ತಿಲ್ಲದ ಇನ್ನೂ ಏನೇನೋ ಅಲ್ಲಿ ಇವೆ ಎಂಬ ಆಸೆ ಅದಕ್ಕಿಂತ ಹೆಚ್ಚಿತ್ತು.

ಅಪ್ಪ ಒಳ್ಳೆಯ ಮನುಷ್ಯ. ಎತ್ತು ಹಾಯಲು ಬಂದರೆ ಕೋಡು ಹಿಡಿದು ನಿಲ್ಲಿಸುತ್ತಿದ್ದ. ಆದರೆ ಆಯಿಯ ಎದುರು ಮಾತ್ರ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. "ಅವ್ವ ಹೂಂ ಅಂದ್ರ ನಂದೂ ಹೂಂ" ಎಂದುಬಿಟ್ಟ. ಆಯಿ ಹೂಂ ಅನ್ನಲಿಲ್ಲ.

"ಅಲ್ಲಿ ಯಾರ್ಯಾರ ಕೈ ನೀರು ಕುಡೀತೈತೋ ಏನೋ. ಒಂದ ದಿನದ್ದಾದ್ರ ತಂಬಿಗಿ ಕಟ್ಟಿ ಕಳಸಬಹುದು. ವರ್ಷಗಟ್ಲೆ ಬಾವಿ ಕಟ್ಟಿ ಕಳಸಾಕ ಆಕ್ಕೇತೇನು? ಮುಲ್ಕಿ ಆತಲ್ಲ, ಸಾಕು" ಎಂದಳು.

ಸಾಕು ಎಂದರೆ ಏನು ಎಂಬುದೂ ನನಗೆ ಗೊತ್ತಿತ್ತು. ಮಳಗಿಯಲ್ಲಿ ಆಯಿಯ ತಂಗಿಯ ಮೈದುನನ ಕಡೆ ಒಬ್ಬ ಹುಡುಗನಿದ್ದ. ಹಂಚಿನ ಮನೆ, ಎರಡು ಜೋಡಿ ಎತ್ತು. ಹುಡುಗನ ಕೊರಳು ಸರಿಯಾಗಿತ್ತು. ಅದರ ಮೇಲಿದ್ದ ತಲೆಯ ಬಗ್ಗೆ ಯಾರೂ ವಿಚಾರಿಸಿರಲಿಲ್ಲ. ಮಳೆಗಾಲದ ಬಿತ್ತನೆ ಮುಗಿದ ಮೇಲೆ ಮಾತಾಡೋಣ ಎಂದು ಹಿರಿಯರು ತೀರ್ಮಾನಿಸಿದ್ದರು. ಶಾಲೆ ಜೂನಿನಲ್ಲಿ ತೆರೆಯುವುದರೊಳಗೆ ಆಯಿಯ ಬಾಯಿಂದ ಒಂದು ಹೂಂ ಹೊರಡದಿದ್ದರೆ ನನ್ನ ಮುಂದಿನ ಆಯುಷ್ಯವೆಲ್ಲ ಮಳಗಿಯ ಆ ಎರಡು ಜೋಡಿ ಎತ್ತುಗಳ ಜೊತೆ. ನಾನು ಊಟ ಬಿಟ್ಟೆ. ಎರಡನೆಯ ಹೊತ್ತಿಗೆ ಹಸಿವಾಗಿ ಮತ್ತೆ ಶುರುಮಾಡಿದೆ.

ಈಗ ನಾನು ಕೈಲಾಸವ್ವನ ವಿಷಯಕ್ಕೆ ಬರಬೇಕು.

ಮುಂಡಗೋಡಿನ ಹತ್ತಿರ ಕಾಡು ಕಡಿದು ಟಿಬೆಟನ್ ಕಾಲೊನಿ ಮಾಡಿದ ಹೊಸತು. ದೂರದ ಬೆಟ್ಟಗಳ ನಾಡಿನಿಂದ ಮನೆಮಠ ಬಿಟ್ಟು ಬಂದವರು ಅಲ್ಲಿ ಡೇರೆ ಹಾಕಿ, ಮನೆ ಕಟ್ಟಿ, ಗೋವಿನಜೋಳ ಬಿತ್ತುತ್ತಿದ್ದರು. ನಾನಿನ್ನೂ ಮುಲ್ಕಿಗೆ ಓದುತ್ತಿದ್ದಾಗಲೇ ಒಂದು ದಿನ ಅವರಲ್ಲಿಯ ಒಬ್ಬ ಹೆಂಗಸು, ಆಯಿಗಿಂತ ಸ್ವಲ್ಪ ಸಣ್ಣ ವಯಸ್ಸಿನವಳು, ಬೆಣ್ಣೆ ಕೇಳಿಕೊಂಡು ನಮ್ಮ ಅಂಗಳಕ್ಕೆ ಬಂದಳು. ಬೆಣ್ಣೆ ಎಂಬ ಮಾತು ಬಾರದೆ ಕಡೆಗೋಲಿನಂತೆ ಕೈ ತಿರುಗಿಸಿ ತೋರಿಸಿದಳು. ಆಯಿ ಎಂದಿನಂತೆ ನನ್ನ ಪಕ್ಕೆ ತಿವಿದಳು. ನಾನು ಎಂದಿನಂತೆ ನೋಡಿದೆ. ನೋಡಿ ಬಾಯಿ ತೆರೆದು ನಿಂತೆ.

ಆಕೆಯ ಕೊರಳಲ್ಲಿ ಕರಡಿಗೆ ಇತ್ತು. ನಮ್ಮ ಲಿಂಬೆಹಣ್ಣಿನಷ್ಟು ಸಣ್ಣದಲ್ಲ. ಅಂಗೈ ಅಗಲದ ಬೆಳ್ಳಿಯ ಪೆಟ್ಟಿಗೆ, ನಡುವೆ ನೀಲಿ ಹರಳು, ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ. ಕೈಯಲ್ಲಿ ಜಪದ ಮಣಿ. ತುಟಿಗಳು ಸುಮ್ಮನೆ ಏನೋ ಮಂತ್ರ ಹೇಳುತ್ತಿದ್ದವು.

"ಆಯಿ, ಕಟ್ಟಿಕೊಂಡಾರ" ಎಂದೆ. "ನಮಗಿಂತ ದೊಡ್ಡದು ಕಟ್ಟಿಕೊಂಡಾರ."

ಅಪ್ಪ ಸಂತೆಯಲ್ಲಿ ಕೇಳಿಬಂದದ್ದನ್ನು ತಲೆ ಕೆರೆದುಕೊಳ್ಳುತ್ತ ಹೇಳಿದ: "ಹಿಮಾಲಯದ ಆಚಿ ಕಡಿಯವರಂತವ್ವ. ಕೈಲಾಸ ಪರ್ವತ ಅವರ ನಾಡಾಗ ಐತಂತ."

ಅಪ್ಪ ಹೇಳಿದ್ದು ಅಷ್ಟೇ. ಉಳಿದ ಲೆಕ್ಕವನ್ನು ಆಯಿ ತಾನೇ ಕೂಡಿಸಿದಳು. ಕೈಲಾಸದಿಂದ ಬಂದವಳು, ಕೊರಳಲ್ಲಿ ಕರಡಿಗೆ, ಬಾಯಲ್ಲಿ ಮಂತ್ರ. ಅವರ ಕಡೆಯ ಸ್ವಾಮಿಗಳು ಕೂಡ ತಲೆ ಬೋಳಿಸಿಕೊಂಡು ಕಾವಿ ಉಡುತ್ತಾರಂತೆ, ಬಣ್ಣ ಮಾತ್ರ ಸ್ವಲ್ಪ ಗಾಢ ಹತ್ತಿದೆ. ಇನ್ನೇನು ಬೇಕು? "ಅಯ್ಯ ನನ ಶಿವನ, ಇವರು ಶಿವನ ಓಣ್ಯಾಗಿನ ಮಂದಿ!" ಎಂದವಳೇ ಅಂಗಳಕ್ಕಿಳಿದು ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆ ಹೆಂಗಸು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಬಗ್ಗಿಸಿ, ನಾಲಿಗೆ ಹೊರಚಾಚಿದಳು. ಅವರಲ್ಲಿ ಅದು ಹಿರಿಯರಿಗೆ ತೋರುವ ಗೌರವ ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಯಿ ಆ ನಾಲಿಗೆಯನ್ನು ಹತ್ತಿರದಿಂದ ಪರೀಕ್ಷಿಸಿ, "ಬೆಳ್ಳಗಾಗೇತಿ, ಹೊಟ್ಟಿ ಕೆಟ್ಟೈತಿ ಪಾಪ" ಎಂದು ತೀರ್ಪು ಕೊಟ್ಟು, ಒಂದು ಚಿಟಿಕೆ ಓಂಕಾಳು ಹಾಕಿ ಮಜ್ಜಿಗೆ ಕುಡಿಸಿದಳು. ಪಡಸಾಲೆಯಲ್ಲಿ ಕೂಡಿಸಿದಳು. ಹೋಗುವಾಗ ಬಾಳೆ ಎಲೆಯಲ್ಲಿ ಇಷ್ಟು ದೊಡ್ಡ ಬೆಣ್ಣೆಯ ಮುದ್ದೆ.

ಆಕೆಗೆ ತನ್ನದೇ ಆದ ಹೆಸರು ಇದ್ದೇ ಇತ್ತು. ಆಯಿಗೆ ಅದು ಬೇಕಾಗಿರಲಿಲ್ಲ. ಅವಳೇ ಕೈಲಾಸವ್ವ ಎಂದು ಹೆಸರಿಟ್ಟಳು.

ಆಮೇಲೆ ಕೈಲಾಸವ್ವ ಮೇಲಿಂದ ಮೇಲೆ ಬರತೊಡಗಿದಳು. ಬೆಣ್ಣೆಗೆ ಬದಲು ಗೋವಿನಜೋಳದ ತೆನೆ ತಂದು ಕೊಡುತ್ತಿದ್ದಳು. ಸುದ್ದಿ ಓಣಿಯಲ್ಲೆಲ್ಲ ಹಬ್ಬಿ, ಆಕೆ ಬರುವ ಹೊತ್ತಿಗೆ ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು ನಮ್ಮ ಅಂಗಳದಲ್ಲಿ ಸಾಲುಗಟ್ಟುತ್ತಿದ್ದರು. ಒಬ್ಬೊಬ್ಬರೇ ಕಾಲು ಮುಟ್ಟುವುದು, ಆಕೆ ಒಬ್ಬೊಬ್ಬರಿಗೂ ನಾಲಿಗೆ ತೋರಿಸುವುದು. ನಮ್ಮ ಓಣಿಯ ಮಕ್ಕಳು ಇದನ್ನು ಬಹಳ ಬೇಗ ಕಲಿತು ಶಾಲೆಯಲ್ಲಿ ಮಾಸ್ತರರಿಗೆ ತೋರಿಸಿದರು. ಅಲ್ಲಿ ಅದಕ್ಕೆ ಬೇರೆ ಅರ್ಥ ಬಂತು.

ಆಯಿ ಆಕೆಯ ಜೊತೆ ಮಾತಾಡುತ್ತಿದ್ದುದು ಅಚ್ಚ ಚಿಗಳ್ಳಿಯ ಕನ್ನಡದಲ್ಲಿ, ಸ್ವಲ್ಪ ಜೋರು ದನಿಯಲ್ಲಿ. ಜೋರಾಗಿ ಹೇಳಿದರೆ ಕನ್ನಡ ಎಲ್ಲರಿಗೂ ತಿಳಿಯುತ್ತದೆ ಎಂಬುದು ಅವಳ ನಂಬಿಕೆ. ಮೊದಲ ಸಲವೇ, "ಶಿವ ಆರಾಮ ಅದಾನೇನು? ಪಾರ್ವತೆವ್ವ? ಮಕ್ಕಳು?" ಎಂದು ಕೇಳಿದ್ದಳು. ಕೈಲಾಸವ್ವ ನಗುತ್ತ ತಲೆಯಾಡಿಸಿ, "ಆರಾಮ, ಆರಾಮ" ಎಂದಳು. ಆಕೆ ಕಲಿತ ಮೊದಲ ಕನ್ನಡ ಮಾತು ಅದು. ಶಿವನ ಸಂಸಾರ ಕ್ಷೇಮವಾಗಿದೆ ಎಂದು ಊರಿಗೆಲ್ಲ ಸಮಾಧಾನವಾಯಿತು.

ಬೇಸಿಗೆಯ ಕೊನೆಗೆ ಕೈಲಾಸವ್ವ ಆಯಿಯನ್ನು ತನ್ನ ಮನೆಗೆ ಕರೆದಳು. ಎದೆಯ ಮೇಲೆ ಕೈಯಿಟ್ಟು, ಕಾಲೊನಿಯ ಕಡೆ ತೋರಿಸಿ, "ಬಾ" ಎಂದಳು. ಮಳಗಿ ಬಿಟ್ಟರೆ ಯಾವ ಊರಿನಲ್ಲೂ ಹೊಸ್ತಿಲು ದಾಟದ ಆಯಿ ಹೊಸ ಇಳಕಲ್ ಸೀರೆ ಉಟ್ಟು ಹೊರಟಳು. ಜೊತೆಗೆ ಕನ್ನಡಕ ಬೇಕಲ್ಲ, ನಾನೂ ಹೊರಟೆ. ತಂಬಿಗೆ ತುಂಬಿಸಲೇ ಎಂದು ಕೇಳಿದ್ದಕ್ಕೆ, "ಶಿವನ ಓಣಿಗೆ ನೀರು ಒಯ್ತಾರೇನ ಹುಚ್ಚಿ?" ಎಂದು ಬೈದಳು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಆಯಿ ಹೊರಗಡೆ ನೀರು ಕುಡಿಯುವುದನ್ನು ಕಲಿತರೆ ದಾಂಡೇಲಿ ಹತ್ತಿರವಾಗುತ್ತದೆ.

ಒಂದೇ ಕೋಣೆಯ ಸಣ್ಣ ಮನೆ, ಸ್ವಚ್ಛವಾಗಿತ್ತು. ಮೂಲೆಯಲ್ಲಿ ಹಗ್ಗದ ಮೇಲೆ ಉದ್ದುದ್ದ ಏನೋ ಒಣಗಹಾಕಿದ್ದರು. ಆಯಿ ಕಣ್ಣು ಕಿರಿದು ಮಾಡಿ, "ನಮ್ಮಂಗ ಬಾಳಕ ಹಾಕ್ಯಾರ ನೋಡು, ಅಚ್ಚುಕಟ್ಟ ಹೆಂಗಸು" ಎಂದು ಮೆಚ್ಚಿದಳು. ಅದು ಹಾಗಲಕಾಯಿಯೂ ಅಲ್ಲ, ಮೆಣಸಿನಕಾಯಿಯೂ ಅಲ್ಲ, ಒಣಮಾಂಸ ಎಂದು ನನ್ನ ಮೂಗು ಹೇಳಿತು. ಬಾಯಿ ಹೇಳಲಿಲ್ಲ. ಕೈಲಾಸವ್ವ ಉದ್ದನೆಯ ಮರದ ಕೊಳವೆಯಲ್ಲಿ ಚಹಾ ಹಾಕಿ, ಬೆಣ್ಣೆ ಹಾಕಿ, ಉಪ್ಪು ಹಾಕಿ ಕಡೆದು, ಬಟ್ಟಲಿಗೆ ಸುರಿದು ಕೊಟ್ಟಳು. ಆಯಿ ಒಂದು ಗುಟುಕು ಕುಡಿದಳು. ಅವಳ ಮುಖದಲ್ಲಿ ಏನೇನೋ ಬಂದು ಹೋದವು. ಕೊನೆಗೆ, "ಬೆಣ್ಣಿ ನಮ್ಮನೀದು" ಎಂದಳು ಹೆಮ್ಮೆಯಿಂದ. ಬಟ್ಟಲು ಖಾಲಿಯಾದ ಕೂಡಲೇ ಕೈಲಾಸವ್ವ ಮತ್ತೆ ತುಂಬಿದಳು. ಅದೂ ಹೋಯಿತು. ನನ್ನ ಹೊಟ್ಟೆಯೊಳಗೆ ದಾಂಡೇಲಿಯ ಬಸ್ಸು ಹಾರ್ನ್ ಹೊಡೆಯಿತು.

ಅಷ್ಟಕ್ಕೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆಯಿ ಏಳಲಿಲ್ಲ. "ನಿಮ್ಮ ಕಡೆ ಪೂಜಿ ಹೆಂಗ ಮಾಡ್ತಾರ, ತೋರಸು" ಎಂದು, ಮೊದಲು ತಾನೇ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ತೋರಿಸಿದಳು. ಕೈಲಾಸವ್ವ ಬಗ್ಗಿ ನೋಡಿದಳು. ಏನು ಅರ್ಥವಾಯಿತೋ, ಕೈಮುಗಿದು ತಲೆಬಾಗಿಸಿದಳು. ಆಮೇಲೆ ತನ್ನ ಕೊರಳಿನ ಪೆಟ್ಟಿಗೆ ತೆಗೆದು, ಹಿಂದಿನ ಮುಚ್ಚಳ ಸರಿಸಿ, ಒಳಗಿದ್ದದ್ದನ್ನು ಒಂದೊಂದಾಗಿ ಆಯಿಯ ಎದುರಿನ ಮಣೆಯ ಮೇಲೆ ಇಟ್ಟಳು.

ಲಿಂಗ ಇರಲಿಲ್ಲ. ಕಣ್ಣು ಮುಚ್ಚಿ ಕುಳಿತ ಒಂದು ಮಣ್ಣಿನ ಸಣ್ಣ ಮೂರ್ತಿ ಇತ್ತು. ಮಡಿಚಿದ ಕಾಗದ ಇತ್ತು, ಅದರ ಮೇಲೆ ಅವರ ಮಂತ್ರ. ಕೊನೆಗೆ, ಮಗುವಿನ ಅಂಗಿಯ ತೋಳಿನ ಒಂದು ತುಂಡು ಅರಿವೆ.

ನನಗೆ ಆಯಿಯ ಮುಖ ನೋಡಲು ಧೈರ್ಯವಾಗಲಿಲ್ಲ. ಕಟ್ಟಿಕೊಳ್ಳದವರ ಮನೆಯಲ್ಲಿ ಆಯಿ ಎರಡು ಬಟ್ಟಲು ಕುಡಿದಿದ್ದಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಹೋಯಿತು. ಇನ್ನು ಆಯಿ ಅಂಗಳ ದಾಟುವುದಿಲ್ಲ, ನನ್ನನ್ನೂ ದಾಟಲು ಬಿಡುವುದಿಲ್ಲ. ಮಳಗಿಯ ಎತ್ತುಗಳು ನನ್ನ ಕಣ್ಣ ಮುಂದೆ ಬಂದು ನಿಂತು ಮೆಲುಕು ಹಾಕತೊಡಗಿದವು.

ಆಯಿ ಆ ಅರಿವೆಯ ತುಂಡನ್ನು ಬೆರಳಿನಿಂದ ತೋರಿಸಿದಳು. ಕೈಲಾಸವ್ವ ನೆಲದಿಂದ ಒಂದು ಮೊಳ ಮೇಲೆ ಕೈ ಹಿಡಿದು, ಇಷ್ಟೆತ್ತರದ ಮಗು ಎಂದು ತೋರಿಸಿದಳು. ಬೆಟ್ಟ ತೋರಿಸಿದಳು, ನಡೆದದ್ದನ್ನು ತೋರಿಸಿದಳು, ಚಳಿಗೆ ಮೈ ಮುದುಡಿ ತೋರಿಸಿದಳು. ಆಮೇಲೆ ಆ ಕೈಯನ್ನು ಮಗುಚಿ ಬರಿ ಅಂಗೈ ತೋರಿಸಿದಳು.

ಆಯಿಗೂ ಅಪ್ಪನ ಮುಂಚೆ ಎರಡು ಕೂಸು ಆಗಿ ಹೋಗಿದ್ದವು. ಆ ಮಾತನ್ನು ಅವಳು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಲಿಂಗವನ್ನು ಕರಡಿಗೆಯಲ್ಲಿಟ್ಟುಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಈ ಸಲ ಜೋರಾಗಿ ಅಲ್ಲ, ಮೆಲ್ಲಗೆ ಕೇಳಿದಳು: "ನಾ ಗೌರವ್ವ. ನಿನ್ನ ಹೆಸರೇನವ್ವ?"

"ಪೇಮಾ" ಎಂದಳು ಆಕೆ.

"ಪೇಮಾ" ಎಂದು ಆಯಿ ತಾನೂ ಒಮ್ಮೆ ಹೇಳಿ ನೋಡಿದಳು.

ಮರಳಿ ಬರುವ ದಾರಿಯಲ್ಲಿ ಹಳ್ಳ ಸಿಕ್ಕಿತು. ಇಲ್ಲಿ ಆಯಿ ಬಾಯಿ ಮುಕ್ಕಳಿಸುತ್ತಾಳೆ, ಇಲ್ಲವೇ ಸೀರೆ ಸಮೇತ ಮುಳುಗುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಸೀರೆ ಎತ್ತಿ ಹಿಡಿದು ದಾಟಿದಳು, ಅಷ್ಟೇ. ಮನೆಗೆ ಬಂದರೆ ಅಪ್ಪ ಕಟ್ಟೆಯ ಮೇಲೆ ಚಡಪಡಿಸುತ್ತ ನಿಂತಿದ್ದ. ಸಂತೆಯಲ್ಲಿ ತಿಳಿದವರೊಬ್ಬರು ಅವನಿಗೆ ಎಲ್ಲ ಬಿಡಿಸಿ ಹೇಳಿದ್ದರು.

"ಯವ್ವ, ಅವರು ಕಟ್ಟಿಕೊಂಡವರಲ್ಲಂತ!"

"ಅಲ್ಲ" ಎಂದಳು ಆಯಿ ಚಪ್ಪಲಿ ಬಿಡುತ್ತ.

"ನೀ ಅಲ್ಲಿ ನೀರು ಗೀರು ಏನೂ ಕುಡೀಲಿಲ್ಲ ಹೌದಿಲ್ಲೋ?"

"ನೀರು ಕುಡದಿಲ್ಲ. ಚಾ ಕುಡದ್ಯಾ. ಮ್ಯಾಲ ಇನ್ನೊಂದು ಬಟ್ಟಲ ಹಾಕಿದ್ಲು, ಅದನ್ನೂ ಕುಡದ್ಯಾ."

ಅಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. "ಈಗ ಹೆಂಗ ಮಾಡೂದು?"

"ಏನ ಮಾಡೂದೈತಿ? ಉಪ್ಪ ಹಾಕ್ಯಾಳ ಚಾದಾಗ. ಸಕ್ಕರಿ ಹಾಕಬೇಕಂತ ಆಕಿಗೆ ಯಾರೂ ಹೇಳಿಲ್ಲ ಪಾಪ. ಮುಂದಿನ ಸಲ ಬಂದಾಗ ಕೊಟ್ಟು ಕಳಸೂಣು."

ಹೀಗೆ ಅಂದಳೇ ಹೊರತು ಆ ಸಂಜೆ ಅವಳು ರೊಟ್ಟಿ ಮುಟ್ಟಲಿಲ್ಲ. ದೀಪ ಹಚ್ಚಿದ ಮೇಲೆ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಏಳಲೇ ಇಲ್ಲ. ಬೆನ್ನು ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ಉಗುರು ಕಚ್ಚುತ್ತ ನಿಂತೆ. ನನ್ನ ದಾಂಡೇಲಿ ಆಗ ಆಯಿಯ ಅಂಗೈಯಲ್ಲಿ, ಆ ಲಿಂಗದ ಪಕ್ಕದಲ್ಲಿ ಎಲ್ಲೋ ಇತ್ತು.

ಬೆಳಿಗ್ಗೆ ಅಪ್ಪ ಅಂಜುತ್ತ ಅಂಜುತ್ತ, "ಯವ್ವ, ಮಠಕ್ಕ ಹೋಗಿ ಸ್ವಾಮಿಗಳನ್ನ ಒಂದ ಮಾತು ಕೇಳೂಣೇನು?" ಎಂದ.

"ಕೇಳಿದ್ರ ತಪ್ಪು ಅಂತಾರ. ಅದಕ್ಕ ಕೇಳೂದು ಬ್ಯಾಡ" ಎಂದಳು ಆಯಿ. "ನಾ ಇವನ್ನ ಕೇಳೇನಿ, ಅಂಗೈಯಾಗ ಇಟಗೊಂಡು. ಕುಡದೇನಿ, ಸಿಟ್ಟ ಬಂದಿದ್ರ ಈಗ ಹೇಳಿಬಿಡು ಅಂದೆ. ಏನೂ ಅನ್ನಲಿಲ್ಲ."

"ಹಂಗಂದ್ರ?"

"ಹಂಗಂದ್ರ ಏನು, ಅವಂಗ ಮೊದಲ ಗೊತ್ತಿತ್ತು. ನನಗ ಗೊತ್ತಿರಲಿಲ್ಲ." ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಯಾವುದೋ ಬೇರೆ ವಿಷಯ ಎಂಬಂತೆ ಕೇಳಿದಳು: "ದಾಂಡೇಲ್ಯಾಗ ಸಾಲಿ ಯಾವಾಗ ತಗೀತಾರ?"

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ಹಿಡಿಯಲಿಲ್ಲ. ನಾನು ಓಡಿ ಹೋಗಿ ದನದ ಕೊಟ್ಟಿಗೆಯಲ್ಲಿ ನಿಂತು, ನಮ್ಮ ಎತ್ತುಗಳ ಕೊರಳು ತಬ್ಬಿಕೊಂಡು ಮನಸೋಕ್ತ ಅತ್ತೆ. ಮಳಗಿಯ ಎತ್ತುಗಳ ಮೇಲಿನ ಸಿಟ್ಟೂ ಆಗ ಇಳಿಯಿತು. ಅವು ನನಗೆ ಮಾಡಿದ್ದಾದರೂ ಏನು?

ಈಗ ಯೋಚಿಸಿದರೆ, ಆಯಿ ಸಣ್ಣ ಮನಸ್ಸಿನವಳಾಗಿರಲಿಲ್ಲ. ಅವಳಿಗೆ ಸಿಕ್ಕ ಅಂಗಳ ಸಣ್ಣದಾಗಿತ್ತು. ಇದ್ದಷ್ಟರಲ್ಲೇ ಇಡೀ ಜಗತ್ತನ್ನು ಕೂಡಿಸಬೇಕಾಗಿತ್ತು, ಹಾಗಾಗಿ ಬಂದವರಿಗೆಲ್ಲ ತಾನೇ ಹೆಸರಿಟ್ಟು, ತಾನೇ ಕುಲ ಕಟ್ಟಿ, ತಾನೇ ಹೊಟ್ಟೆನೋವಿನ ಔಷಧಿ ಕೊಟ್ಟು ಸುಧಾರಿಸುತ್ತಿದ್ದಳು. ನಾನೇನು ಬೇರೆ? ಮುಂದೆ ಓದಿ, ಮಾಸ್ತರಿಕೆ ಮಾಡಿ, ಎಲ್ಲೆಲ್ಲೋ ಸುತ್ತಿದ ಮೇಲೂ ಹೊಸಬರನ್ನು ಕಂಡರೆ ಮೊದಲು ನನಗೆ ಗೊತ್ತಿರುವ ಯಾವುದಾದರೊಂದು ಡಬ್ಬಿಯಲ್ಲಿ ಅವರನ್ನು ಹಾಕಿ ಮುಚ್ಚಳ ಮುಚ್ಚುತ್ತೇನೆ. ಹೆಸರು ಕೇಳುವುದು ಆಮೇಲೆ. ಕೆಲವರದ್ದು ಕೇಳಿಯೇ ಇಲ್ಲ.

ನಾನು ಹೊರಡುವ ದಿನ ಮುಂಗಾರಿನ ಮೋಡ ಇತ್ತು, ಮಳೆ ಇರಲಿಲ್ಲ. ಅಪ್ಪ ನನ್ನ ಟ್ರಂಕನ್ನು ಚಕ್ಕಡಿಯಲ್ಲಿಟ್ಟು ಮುಂಡಗೋಡಿಗೆ ಕರೆತಂದ. ಆಯಿ ಚಕ್ಕಡಿ ಹತ್ತಿದ್ದಳು, ಬಸ್ಸಿನವರೆಗೆ ಕಳಿಸಲು ಬಂದಿದ್ದಾಳೆ ಎಂದುಕೊಂಡಿದ್ದೆವು. ಕೆಂಪು ಬಸ್ಸು ಬಂತು. ಅಪ್ಪ ಟ್ರಂಕು ಮೇಲೆ ಹಾಕಿಸುವಷ್ಟರಲ್ಲಿ ಆಯಿ ಬಗಲಲ್ಲಿ ಒಂದು ಗಂಟು ಹಿಡಿದುಕೊಂಡು, ನನಗಿಂತ ಮುಂಚೆ ಬಸ್ಸು ಹತ್ತಿಬಿಟ್ಟಳು.

"ಯವ್ವ, ನೀ ಎಲ್ಲಿಗಿ?" ಅಪ್ಪ ಕೆಳಗಿನಿಂದಲೇ ಕೂಗಿದ.

"ದಾಂಡೇಲಿಗಿ."

"ಯಾಕ?"

"ಯಾಕಂದ್ರ? ನೋಡಾಕ!"

ಕಂಡಕ್ಟರ್ ಗಂಟೆ ಹೊಡೆಯುತ್ತೇನೆಂದು ಗದರಿಸಿದ. ಅಪ್ಪನೂ ಹತ್ತಿಕೊಂಡ. ಆಯಿ ಬಾಗಿಲಲ್ಲಿ ನಿಂತು ಉತ್ತರ ಕೊಡುತ್ತಿದ್ದಾಗಲೇ ನಾನು ಒಳಗೆ ನುಸುಳಿ, ಕಿಟಕಿಯ ಬದಿಗೆ ಕುಳಿತು, ಗಾಜು ಸರಿಸಿ, ಮೂಗು ಹೊರಗಿಟ್ಟಾಗಿತ್ತು. ಆಯಿ ಬಂದು ನನ್ನ ತಲೆಯ ಮೇಲೆ ನಿಂತಳು.

"ಏಳು. ಕಿಡಕಿ ನನಗ ಬೇಕು."

"ಆಯಿ, ನಾ ಮೊದಲ ಬಂದೇನಿ" ಎಂದು ನಾನು ಕೊಸರಾಡಿದೆ.

"ಸರಿ ಅತ್ತಾಗ. ನಿನಗ ನೋಡಾಕ ಇನ್ನೂ ಭಾಳ ವರ್ಷ ಅದಾವು. ನನಗ ಎಲ್ಲಿ ಅದಾವು?"

ನಾನು ಸರಿದು ಕುಳಿತೆ.